ನಿಮಗಿದು ಗೊತ್ತೇ? ಐಸಿಯು ಹಾಸಿಗೆ ಪಕ್ಕದ ಔಷಧ ಕಾವಲುಗಾರರು

ಐಸಿಯು ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಎರಡು ನಿಮಿಷ ಒಳಗೆ ಹೋಗಿ ನಮ್ಮವರ ಮುಖ ನೋಡಿ ಬಂದವರಿಗೆ ನೆನಪಿರುವುದು ವೆಂಟಿಲೇಟರಿನ ಸದ್ದು, ಮಾನಿಟರಿನ ಹಸಿರು ಗೆರೆ, ಡಾಕ್ಟರು ಹೇಳಿದ ಎರಡು ಮಾತು. ಹಾಸಿಗೆಯ ತಲೆಯ ಬಳಿ ಕಂಬಕ್ಕೆ ಸಾಲಾಗಿ ಸಿಕ್ಕಿಸಿದ ಸಿರಿಂಜ್ ಪಂಪುಗಳಲ್ಲಿ ಏನೇನು ಹರಿಯುತ್ತಿದೆ? ಒಂದು ಔಷಧ ಇನ್ನೊಂದಕ್ಕೆ ಹೊಂದುತ್ತದೆಯೇ? ಸೋತ ಮೂತ್ರಪಿಂಡ ಆ ಡೋಸ್ ತಾಳುತ್ತದೆಯೇ? ಇದನ್ನೇ ದಿನವೂ ಕೂತು ಲೆಕ್ಕ ಹಾಕುವವರು ಕ್ಲಿನಿಕಲ್ ಫಾರ್ಮಸಿಸ್ಟ್. ಔಷಧ ಅಂಗಡಿಯ ಕೌಂಟರಿನ ಹಿಂದೆ ಅಲ್ಲ, ರೋಗಿಯ ಕೇಸ್ ಶೀಟ್ ಹಿಡಿದು ಡಾಕ್ಟರ್ ಮತ್ತು ನರ್ಸ್ ಜೊತೆಗೇ ನಿಲ್ಲುವವರು. ಅವರ ಕೆಲಸದ ಒಳಹೊರಗು ಇಲ್ಲಿದೆ, ಚುಟುಕು ಚುಟುಕಾಗಿ.

ಎಲ್ಲಿಂದ ಶುರು?

1. ವೈದ್ಯರೇ ಬೇರೆ, ಔಷಧ ತಯಾರಿಸುವವರೇ ಬೇರೆ ಎಂದು ಯುರೋಪಿನಲ್ಲಿ ಕಾನೂನು ಮಾಡಿದ್ದು 13ನೇ ಶತಮಾನದಲ್ಲಿ. ಸಿಸಿಲಿ ಮತ್ತು ದಕ್ಷಿಣ ಇಟಲಿಯನ್ನು ಆಳುತ್ತಿದ್ದ ಚಕ್ರವರ್ತಿ ಎರಡನೇ ಫ್ರೆಡರಿಕ್ ಈ ಕಟ್ಟಳೆ ತಂದ. ಬೇರೆಯಾದ ಆ ಇಬ್ಬರು ರೋಗಿಯ ಹಾಸಿಗೆ ಪಕ್ಕದಲ್ಲಿ ಮತ್ತೆ ಜೊತೆಯಾಗಲು ಏಳು ಶತಮಾನ ಹಿಡಿಯಿತು.

2. ಐಸಿಯು ಹುಟ್ಟಿದ್ದು ಪೋಲಿಯೊ ಪಿಡುಗಿನಿಂದ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಉಸಿರಾಟದ ಸ್ನಾಯು ಸೋತ ರೋಗಿಗಳು ಒಬ್ಬರ ಹಿಂದೊಬ್ಬರು ಬಂದರು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಗಂಟಲಿಗೆ ಟ್ಯೂಬ್ ಇಳಿಸಿ, ಕೈಯಿಂದ ಚೀಲ ಒತ್ತಿ ಉಸಿರು ಕೊಡುವ ದಾರಿ ತೋರಿದರು. ಸುಮಾರು 1500 ವೈದ್ಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಕೂತು ಚೀಲ ಒತ್ತಿದರು.

3. ಇಬ್ಸೆನ್ ಮೊದಲು ಉಳಿಸಿದ 12 ವರ್ಷದ ಬಾಲಕಿ ಉಸಿರುಕಟ್ಟಿ ಒದ್ದಾಡುತ್ತಿದ್ದಳು. ಚೀಲ ಒತ್ತಿದರೂ ಗಾಳಿ ಒಳಗೆ ಹೋಗುತ್ತಿರಲಿಲ್ಲ. ಅವರು ಥಯೊಪೆಂಟಾಲ್ ಎಂಬ ನಿದ್ರೆ ಮದ್ದು ಕೊಟ್ಟರು. ಒದ್ದಾಟ ನಿಂತಿತು, ಗಾಳಿ ಒಳಗೆ ಹೋಯಿತು. ಸರಿಯಾದ ಔಷಧ ಸರಿಯಾದ ಗಳಿಗೆಯಲ್ಲಿ ಬೇಕು ಎಂಬ ಪಾಠ ಐಸಿಯು ಹುಟ್ಟಿನಲ್ಲೇ ಇತ್ತು.

4. ಫಾರ್ಮಸಿಸ್ಟರು ನೆಲಮಾಳಿಗೆಯ ಔಷಧ ಉಗ್ರಾಣ ಬಿಟ್ಟು ವಾರ್ಡಿಗೆ ಬಂದ ಹೆಸರಾಂತ ಪ್ರಯೋಗ 1966ರದು. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಯ ಒಂಬತ್ತನೇ ಮಹಡಿಯಲ್ಲಿ ಅದು ನಡೆಯಿತು. 'ಒಂಬತ್ತನೇ ಮಹಡಿ ಯೋಜನೆ' ಎಂದೇ ಅದು ಪ್ರಸಿದ್ಧ.

5. ಸಾಮಾನ್ಯ ವಾರ್ಡಿಗಿಂತ ಐಸಿಯುನಲ್ಲಿ ತಡೆಯಬಹುದಾದ ಔಷಧ ಅವಘಡ ಹೆಚ್ಚುಕಡಿಮೆ ಎರಡರಷ್ಟು ಎಂದು 1997ರ ಅಮೆರಿಕದ ಅಧ್ಯಯನವೊಂದು ತೋರಿಸಿತು. ಆದರೆ ರೋಗಿಗೆ ಕೊಟ್ಟ ಔಷಧಗಳ ಸಂಖ್ಯೆಯನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಆ ವ್ಯತ್ಯಾಸ ಅಳಿಸಿಹೋಯಿತು. ಐಸಿಯು ಸಿಬ್ಬಂದಿಯ ಅಜಾಗರೂಕತೆ ಇದಕ್ಕೆ ಕಾರಣವಲ್ಲ. ಅಲ್ಲಿ ಔಷಧಗಳೇ ಅಷ್ಟು ಹೆಚ್ಚು.

6. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಐಸಿಯುನಲ್ಲಿ ಒಬ್ಬ ಹಿರಿಯ ಫಾರ್ಮಸಿಸ್ಟ್ ಬೆಳಗಿನ ರೌಂಡ್ಸ್‌ನಲ್ಲಿ ಡಾಕ್ಟರುಗಳ ಜೊತೆ ಸೇರಿಕೊಂಡರು. ಲೂಸಿಯನ್ ಲೀಪ್ ಮತ್ತು ಸಂಗಡಿಗರು 1999ರಲ್ಲಿ ಅದರ ಫಲ ಪ್ರಕಟಿಸಿದರು. ಔಷಧ ಬರೆಯುವ ಹಂತದ ತಪ್ಪಿನಿಂದ ಆಗುವ, ತಡೆಯಬಹುದಾದ ಅವಘಡಗಳು 1000 ರೋಗಿ-ದಿನಗಳಿಗೆ 10.4 ಇದ್ದದ್ದು 3.5ಕ್ಕೆ ಇಳಿದಿತ್ತು. ಅಂದರೆ ಶೇ. 66ರಷ್ಟು ಇಳಿಕೆ.

7. ಡಾಕ್ಟರುಗಳಿಗೆ ಇದು ಕಿರಿಕಿರಿ ಆಗಲಿಲ್ಲವೇ? ಅದೇ ಅಧ್ಯಯನದಲ್ಲಿ ಫಾರ್ಮಸಿಸ್ಟ್ ಕೊಟ್ಟ 366 ಸಲಹೆಗಳಲ್ಲಿ 362ನ್ನು ಡಾಕ್ಟರುಗಳು ಒಪ್ಪಿಕೊಂಡರು. ನೂರಕ್ಕೆ 99.

8. ಅದೇ 1999ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಒಂದು ವರದಿ ಹೊರತಂದಿತು. ಚಿಕಿತ್ಸೆಯ ತಪ್ಪುಗಳಿಂದ ಆ ದೇಶದ ಆಸ್ಪತ್ರೆಗಳಲ್ಲಿ ವರ್ಷಕ್ಕೆ 44 ಸಾವಿರದಿಂದ 98 ಸಾವಿರ ಮಂದಿ ಸಾಯುತ್ತಿದ್ದಾರೆ ಎಂಬ ಅದರ ಅಂದಾಜು ಜಗತ್ತನ್ನೇ ಬೆಚ್ಚಿಬೀಳಿಸಿತು. ಒಬ್ಬರ ಮೇಲೆ ಗೂಬೆ ಕೂರಿಸುವುದು ಬಿಡಿ, ತಪ್ಪಾಗದಂತಹ ವ್ಯವಸ್ಥೆ ಕಟ್ಟಿ ಎಂಬುದು ಆ ವರದಿಯ ತಿರುಳು.

ಹಾಸಿಗೆ ಪಕ್ಕದ ಲೆಕ್ಕಾಚಾರ

9. ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.0 ಬಂದರೆ 'ಕಿಡ್ನಿ ನಾರ್ಮಲ್' ಎಂದು ನಿಟ್ಟುಸಿರು ಬಿಡುತ್ತೇವೆ. ಆದರೆ 25 ವರ್ಷದ, 70 ಕೆ.ಜಿ. ತೂಗುವ ಹುಡುಗನಿಗೂ 80 ವರ್ಷದ, 45 ಕೆ.ಜಿ. ತೂಗುವ ಅಜ್ಜಿಗೂ ಅದೇ 1.0 ಇದ್ದರೆ? ವಯಸ್ಸು, ತೂಕ ಸೇರಿಸಿ ಲೆಕ್ಕ ಹಾಕುವ 1976ರ ಕಾಕ್‌ಕ್ರಾಫ್ಟ್-ಗಾಲ್ಟ್ ಸೂತ್ರದಲ್ಲಿ ಹುಡುಗನ ಮೂತ್ರಪಿಂಡ ನಿಮಿಷಕ್ಕೆ ಸುಮಾರು 112 ಮಿ.ಲೀ. ಶೋಧಿಸುತ್ತದೆ, ಅಜ್ಜಿಯದು ಸುಮಾರು 32. ಹುಡುಗನಿಗೆ ಕೊಟ್ಟ ಡೋಸನ್ನೇ ಅಜ್ಜಿಗೂ ಕೊಟ್ಟರೆ ಎಷ್ಟೋ ಔಷಧಗಳು ದಿನದಿನಕ್ಕೂ ಅವರ ಮೈಯಲ್ಲಿ ಸೇರುತ್ತಾ ಹೋಗುತ್ತವೆ.

10. ಇದಕ್ಕೆ ತದ್ವಿರುದ್ಧವೂ ಉಂಟು. ಅಪಘಾತದಲ್ಲಿ ಗಾಯಗೊಂಡ ಯುವಕರಲ್ಲಿ ಮೂತ್ರಪಿಂಡ ಕೆಲವೊಮ್ಮೆ ವಾಡಿಕೆಗಿಂತ ಜೋರಾಗಿ ಕೆಲಸ ಮಾಡುತ್ತದೆ. ಕೊಟ್ಟ ಆಂಟಿಬಯಾಟಿಕ್ ಕೆಲವೇ ಗಂಟೆಯಲ್ಲಿ ಮೂತ್ರದಲ್ಲಿ ಹೊರಟುಹೋಗುತ್ತದೆ. ಚಾರ್ಟಿನಲ್ಲಿ ಡೋಸ್ ಸರಿ ಇದ್ದರೂ ರಕ್ತದಲ್ಲಿ ಮದ್ದು ಸಾಲದು.

11. ಐಸಿಯುನಲ್ಲಿ ಹಗಲಿರುಳು ನಿಧಾನವಾಗಿ ನಡೆಯುವ ಡಯಾಲಿಸಿಸ್ ಕೊಳೆಯ ಜೊತೆ ಔಷಧವನ್ನೂ ತೊಳೆದುಬಿಡುತ್ತದೆ. ಯಂತ್ರ ಶುರುವಾದಾಗ ಒಂದು ಡೋಸ್, ಯಂತ್ರ ನಿಂತಾಗ ಇನ್ನೊಂದು. ಬದಲಾವಣೆ ಆದ ದಿನವೇ ಚಾರ್ಟ್ ತಿದ್ದಬೇಕು.

12. ವ್ಯಾಂಕೊಮೈಸಿನ್ ಎಂಬ ಆಂಟಿಬಯಾಟಿಕ್ ಸಿಕ್ಕಿದ್ದು ಬೋರ್ನಿಯೊ ಕಾಡಿನ ಮಣ್ಣಿನಲ್ಲಿ. 1950ರ ದಶಕದಲ್ಲಿ ಅಲ್ಲಿನ ಕ್ರೈಸ್ತ ಮಿಷನರಿಯೊಬ್ಬರು ಕಳಿಸಿದ ಮಣ್ಣಿನಿಂದ ಅದನ್ನು ಬೇರ್ಪಡಿಸಿದರು. ಮೊದಲ ತಯಾರಿಕೆ ಕಂದು ಬಣ್ಣಕ್ಕಿತ್ತು, 'ಮಿಸಿಸಿಪ್ಪಿ ಕೆಸರು' ಎಂಬ ಅಡ್ಡಹೆಸರು ಬಿತ್ತು. ಇಂದಿಗೂ ಇದನ್ನು ಸರಸರನೆ ಹರಿಸುವಂತಿಲ್ಲ. 1 ಗ್ರಾಂ ಹೋಗಲು ಕನಿಷ್ಠ ಒಂದು ಗಂಟೆ ಬೇಕು. ಅವಸರ ಮಾಡಿದರೆ ಮುಖ, ಕತ್ತು ಕೆಂಪೇರಿ ತುರಿಕೆ ಶುರುವಾಗುತ್ತದೆ, ಬಿಪಿಯೂ ಇಳಿಯಬಹುದು.

13. ಕೊಲಿಸ್ಟಿನ್ ಮೂಲೆಗೆ ಸೇರಿದ್ದ ಹಳೇ ಮದ್ದು. ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆಂದು ಬದಿಗಿಟ್ಟಿದ್ದರು. ಬೇರೆ ಆಂಟಿಬಯಾಟಿಕ್‌ಗಳಿಗೆ ಬಗ್ಗದ ಬ್ಯಾಕ್ಟೀರಿಯಾ ಹೆಚ್ಚಿದ ಮೇಲೆ ಅದನ್ನೇ ಮತ್ತೆ ಹುಡುಕಿಕೊಂಡು ಹೋಗಬೇಕಾಯಿತು. ಇದರ ಅಳತೆಯೂ ತೊಡಕಿನದು. ಕೆಲವು ದೇಶಗಳಲ್ಲಿ ಯೂನಿಟ್ ಲೆಕ್ಕ, ಕೆಲವು ದೇಶಗಳಲ್ಲಿ ಮಿಲಿಗ್ರಾಂ ಲೆಕ್ಕ. ಪುಸ್ತಕ ಒಂದು ದೇಶದ್ದು, ವಯಲ್ ಇನ್ನೊಂದು ದೇಶದ್ದಾದರೆ ಡೋಸ್ ಹಲವು ಪಟ್ಟು ತಪ್ಪಬಹುದು.

14. ರಕ್ತಕ್ಕೆ ಸೋಂಕು ಹಬ್ಬಿ ಬಿಪಿ ಕುಸಿದ ರೋಗಿಗಳಲ್ಲಿ, ಮೊದಲ ಆರು ಗಂಟೆಗಳಲ್ಲಿ ತಕ್ಕ ಆಂಟಿಬಯಾಟಿಕ್ ತಡವಾದ ಒಂದೊಂದು ಗಂಟೆಗೂ ಬದುಕುವ ಸಂಭವ ಸರಾಸರಿ ಶೇ. 7.6ರಷ್ಟು ಇಳಿಯಿತು ಎಂದು 2006ರ ಅಧ್ಯಯನವೊಂದು ಹೇಳಿತು. ಆದ್ದರಿಂದಲೇ ತುರ್ತಿಗೆ ಬೇಕಾದ ಮೊದಲ ಡೋಸನ್ನು ಐಸಿಯುನಲ್ಲೇ ಕೈಗೆಟಕುವಂತೆ ಇರಿಸುವುದೂ ಫಾರ್ಮಸಿ ವಿಭಾಗದ ಹೊಣೆ.

15. ಒಬ್ಬ ರೋಗಿಗೆ ದಿನಕ್ಕೆ ನಾಲ್ಕು ಔಷಧ, ಒಂದೊಂದೂ ಮೂರು ಹೊತ್ತು, ಪ್ರತಿ ಸಲ 100 ಮಿ.ಲೀ. ಸಲೈನಿನಲ್ಲಿ ಬೆರೆಸಿ ಕೊಟ್ಟರೆ ಎಷ್ಟಾಯಿತು? 1.2 ಲೀಟರ್! ಡ್ರಿಪ್ ಎಂದು ಯಾರೂ ಬರೆಯದ ನೀರು ಇದು. ಶ್ವಾಸಕೋಶದಲ್ಲಿ ನೀರು ತುಂಬಿದ ರೋಗಿಗೆ ಇದೇ ಭಾರ. ಯಾವ ಔಷಧವನ್ನು ಎಷ್ಟು ಕಡಿಮೆ ದ್ರವದಲ್ಲಿ ಕೊಡಬಹುದು ಎಂದು ಹೇಳಿ ಆ ಭಾರ ಇಳಿಸುವವರು ಫಾರ್ಮಸಿಸ್ಟ್.

ಒಂದಕ್ಕೊಂದು ಆಗದವು

16. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಇಂಜೆಕ್ಷನ್ನನ್ನು ಡೆಕ್ಸ್‌ಟ್ರೋಸ್ ಡ್ರಿಪ್ಪಿಗೆ ಸೇರಿಸಿದರೆ ಹರಳುಗಟ್ಟುತ್ತದೆ. ಅದಕ್ಕೆ ನಾರ್ಮಲ್ ಸಲೈನೇ ಆಗಬೇಕು.

17. ಶಿಲೀಂಧ್ರ ಸೋಂಕಿಗೆ ಕೊಡುವ ಆಂಫೊಟೆರಿಸಿನ್ ಇದಕ್ಕೆ ಉಲ್ಟಾ. ಅದಕ್ಕೆ ಡೆಕ್ಸ್‌ಟ್ರೋಸೇ ಬೇಕು, ಸಲೈನ್ ಬಿದ್ದರೆ ಒಡೆದುಹೋಗುತ್ತದೆ. ಇದರಲ್ಲಿ ಎರಡು ಬಗೆ. ಲೈಪೊಸೋಮಲ್ ಬಗೆಯದು ಕೆ.ಜಿ.ಗೆ 5 ಮಿ.ಗ್ರಾಂ.ವರೆಗೆ ಸಾಮಾನ್ಯ, ಹಳೆಯ ಬಗೆಯದು ಸುಮಾರು 1 ಮಿ.ಗ್ರಾಂ. 60 ಕೆ.ಜಿ. ರೋಗಿಗೆ ಒಂದರಲ್ಲಿ 300 ಮಿ.ಗ್ರಾಂ., ಇನ್ನೊಂದರಲ್ಲಿ 60. ಹೆಸರು ನೋಡಿ ಅದಲುಬದಲು ಮಾಡಿದರೆ ಪ್ರಾಣಕ್ಕೇ ಸಂಚಕಾರ. 2021ರಲ್ಲಿ ಕೋವಿಡ್ ಹಿಂದೆಯೇ ಕಪ್ಪು ಶಿಲೀಂಧ್ರ ಬಂದು ಲೈಪೊಸೋಮಲ್ ಬಗೆಗೆ ಹಾಹಾಕಾರ ಎದ್ದಾಗ ಕರ್ನಾಟಕದ ಆಸ್ಪತ್ರೆಗಳಲ್ಲೂ ಈ ಎಚ್ಚರ ದಿನನಿತ್ಯದ್ದಾಯಿತು.

18. ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯಾಟಿಕ್ ಮತ್ತು ಕ್ಯಾಲ್ಸಿಯಂ ಒಂದೇ ನಳಿಗೆಯಲ್ಲಿ ಸೇರಿದರೆ ಬಿಳಿ ಗಸಿ ಕಟ್ಟುತ್ತದೆ. ಹಸುಗೂಸುಗಳ ಸಾವಿನ ವರದಿಗಳ ನಂತರ ಅಮೆರಿಕದ ಔಷಧ ಆಡಳಿತ 2007ರಲ್ಲಿ ಎಚ್ಚರಿಕೆ ಕೊಟ್ಟಿತು. ನಾವು ದಿನವೂ ನೋಡುವ ರಿಂಗರ್ ಲ್ಯಾಕ್ಟೇಟ್ ಬಾಟಲಿಯಲ್ಲೂ ಕ್ಯಾಲ್ಸಿಯಂ ಇದೆ, ನೆನಪಿರಲಿ.

19. ಒಂದು ಬೆಳಗಿನ ರೌಂಡ್ಸ್ ಕಣ್ಣ ಮುಂದೆ ತಂದುಕೊಳ್ಳಿ. ಫಿಟ್ಸ್‌ಗಾಗಿ ವರ್ಷಗಳಿಂದ ವಾಲ್‌ಪ್ರೊಯೇಟ್ ತೆಗೆದುಕೊಳ್ಳುತ್ತಿರುವ ರೋಗಿ. ನ್ಯುಮೋನಿಯಾ ಜೋರಾಗಿದೆ. 'ಮೆರೋಪೆನೆಮ್ ಶುರು ಮಾಡಿ' ಎಂದು ಡಾಕ್ಟರು ಹೇಳುತ್ತಾರೆ. ಚಾರ್ಟ್ ನೋಡುತ್ತಿದ್ದ ಫಾರ್ಮಸಿಸ್ಟ್, 'ಸರ್, ಇವರು ವಾಲ್‌ಪ್ರೊಯೇಟ್ ಮೇಲಿದ್ದಾರೆ' ಎನ್ನುತ್ತಾರೆ. ಇಷ್ಟೇ ಮಾತು. ಮೆರೋಪೆನೆಮ್ ಬಿದ್ದರೆ ಒಂದೆರಡು ದಿನದೊಳಗೆ ರಕ್ತದಲ್ಲಿ ವಾಲ್‌ಪ್ರೊಯೇಟ್ ಮಟ್ಟ ಪಾತಾಳಕ್ಕಿಳಿಯುತ್ತದೆ. ಡೋಸ್ ಏರಿಸಿದರೂ ಮೇಲೆ ಬರುವುದಿಲ್ಲ. ಹತೋಟಿಯಲ್ಲಿದ್ದ ಫಿಟ್ಸ್ ಮತ್ತೆ ಬರುತ್ತದೆ. ಡಾಕ್ಟರು ಒಂದು ಕ್ಷಣ ನಿಂತು, ಬೇರೆ ಆಂಟಿಬಯಾಟಿಕ್ ಬರೆಸುತ್ತಾರೆ. ಆ ರೋಗಿಗೆ ಬಾರದೇ ಹೋದ ಫಿಟ್ಸ್ ಯಾವ ದಾಖಲೆಯಲ್ಲೂ ಸೇರುವುದಿಲ್ಲ. ಮನೆಯವರಿಗೆ ಅದು ತಿಳಿಯುವುದೇ ಇಲ್ಲ.

20. ಬಿಪಿ ಎತ್ತಿಹಿಡಿಯುವ ನಾರ್‌ಅಡ್ರಿನಲಿನ್ ರಕ್ತದಲ್ಲಿ ಉಳಿಯುವುದು ಕೆಲವೇ ನಿಮಿಷ. ಸಿರಿಂಜ್ ಖಾಲಿಯಾಗಿ ಇನ್ನೊಂದು ಬರುವಷ್ಟರಲ್ಲಿ ಬಿಪಿ ದಡಾರನೆ ಬೀಳಬಹುದು. ಅದಕ್ಕೇ ಮುಂದಿನ ಸಿರಿಂಜ್ ಮೊದಲೇ ಸಿದ್ಧವಿರಬೇಕು. ನಾಳದಿಂದ ಹೊರಗೆ ಸೋರಿದರೆ ಸುತ್ತಲಿನ ಚರ್ಮ, ಮಾಂಸ ಸತ್ತುಹೋಗಬಹುದು. ಆಗ ಚುಚ್ಚಬೇಕಾದ ಪ್ರತಿಮದ್ದು ಫೆಂಟೊಲಮಿನ್.

21. ಇನ್ಸುಲಿನ್ ಡ್ರಿಪ್ ಪ್ಲಾಸ್ಟಿಕ್ ನಳಿಗೆಯ ಒಳಗೋಡೆಗೆ ಅಂಟಿಕೊಳ್ಳುತ್ತದೆ. ಮೊದಲು ಸುಮಾರು 20 ಮಿ.ಲೀ. ಹರಿಸಿ ಚೆಲ್ಲಿ, ಆಮೇಲೆ ರೋಗಿಗೆ ಜೋಡಿಸುತ್ತಾರೆ. ಇಲ್ಲದಿದ್ದರೆ ಮೊದಲ ಗಂಟೆಗಳ ಇನ್ಸುಲಿನ್ ನಳಿಗೆಗೇ ಸೇರಿಹೋಗಿ 'ಶುಗರ್ ಇಳಿಯುತ್ತಿಲ್ಲ' ಎಂಬ ತಪ್ಪು ಲೆಕ್ಕ ಹುಟ್ಟುತ್ತದೆ.

22. ಒಂದು ಸಿರಿಂಜಿಗೆ ಕಪ್ಪು ಹೊದಿಕೆ ಸುತ್ತಿದ್ದನ್ನು ನೋಡಿದ್ದೀರಾ? ನೈಟ್ರೊಪ್ರಸ್ಸೈಡ್‌ನಂತಹ ಔಷಧಗಳು ಬೆಳಕಿಗೆ ಕೆಡುತ್ತವೆ. ಆ ಹೊದಿಕೆ ಔಷಧಕ್ಕೆ ನೆರಳು.

ಟ್ಯೂಬಿನ ದಾರಿ, ನಿದ್ರೆಯ ದಾರಿ

23. ಮೂಗಿನಿಂದ ಹೊಟ್ಟೆಗೆ ಇಳಿಸುವ ರೈಲ್ಸ್ ಟ್ಯೂಬಿನಲ್ಲಿ ಕೊಡಲು ಎಲ್ಲಾ ಮಾತ್ರೆಗಳನ್ನೂ ಕುಟ್ಟಿ ಪುಡಿ ಮಾಡುವಂತಿಲ್ಲ. ದಿನವಿಡೀ ನಿಧಾನವಾಗಿ ಬಿಡುಗಡೆಯಾಗಬೇಕಾದ ಮಾತ್ರೆ ಪುಡಿಯಾದರೆ ಇಡೀ ದಿನದ ಡೋಸ್ ಒಮ್ಮೆಗೇ ಮೈ ಸೇರುತ್ತದೆ. ಹೊಟ್ಟೆಯ ಆಮ್ಲ ತಾಗಬಾರದೆಂದು ಕವಚ ಹಾಕಿದ ಮಾತ್ರೆ ಪುಡಿಯಾದರೆ ಕರುಳು ಮುಟ್ಟುವ ಮೊದಲೇ ಕೆಡುತ್ತದೆ.

24. ಫೆನಿಟಾಯಿನ್ ಸಿರಪ್ಪನ್ನು ಟ್ಯೂಬ್ ಆಹಾರದ ಜೊತೆಗೇ ಕೊಟ್ಟರೆ ಮೈಗೆ ಹತ್ತುವುದು ಕಡಿಮೆ. ಅದಕ್ಕೇ ಡೋಸಿನ ಹಿಂದೆ ಮುಂದೆ ಆಹಾರ ನಿಲ್ಲಿಸುತ್ತಾರೆ. ಔಷಧ ಯಾವುದೆಂಬುದರಷ್ಟೇ ವೇಳೆ ಯಾವುದೆಂಬುದೂ ಮುಖ್ಯ.

25. ಹಾಲಿನಂತೆ ಬೆಳ್ಳಗಿರುವ ಪ್ರೊಪೊಫಾಲ್ ನಿದ್ರೆ ಮದ್ದು ಹೌದು, ಆಹಾರವೂ ಹೌದು! ಅದು ಎಣ್ಣೆಯ ಮಿಶ್ರಣವಾದ್ದರಿಂದ 1 ಮಿ.ಲೀ.ಗೆ 1.1 ಕ್ಯಾಲೊರಿ. ಗಂಟೆಗೆ 20 ಮಿ.ಲೀ.ನಂತೆ ಹರಿದರೆ ದಿನಕ್ಕೆ 528 ಕ್ಯಾಲೊರಿ. ಅದನ್ನು ಕಳೆದೇ ಡಯೆಟೀಷಿಯನ್ ಟ್ಯೂಬ್ ಆಹಾರದ ಲೆಕ್ಕ ಹಾಕಬೇಕು. ಎಣ್ಣೆಯಲ್ಲಿ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುವುದರಿಂದ 12 ಗಂಟೆಗೊಮ್ಮೆ ಸಿರಿಂಜು, ನಳಿಗೆ ಬದಲಿಸುತ್ತಾರೆ.

26. ನಿದ್ರೆ ಮದ್ದನ್ನು ದಿನಕ್ಕೊಮ್ಮೆ ನಿಲ್ಲಿಸಿ ರೋಗಿಯನ್ನು ಎಬ್ಬಿಸಿ ನೋಡಿದರೆ ವೆಂಟಿಲೇಟರ್ ದಿನಗಳು ಕಡಿಮೆಯಾಗುತ್ತವೆ ಎಂದು 2000ದಲ್ಲಿ ಷಿಕಾಗೊದ ಅಧ್ಯಯನ ತೋರಿಸಿತು. 7.3 ದಿನ ಇದ್ದದ್ದು 4.9ಕ್ಕೆ ಇಳಿಯಿತು. 2008ರಲ್ಲಿ ಬಾಸ್ಟನ್ನಿನಲ್ಲಿ ಫಾರ್ಮಸಿಸ್ಟರೇ ದಿನವೂ ನಿಂತು ನಿದ್ರೆ ಮದ್ದಿನ ನಿಯಮ ಪಾಲನೆ ನೋಡಿಕೊಂಡಾಗ ವೆಂಟಿಲೇಟರಿನ ಅವಧಿ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು.

27. ಬೆಲ್ಜಿಯಂನ ಜಾನ್-ಲೂಯಿ ವಿನ್ಸೆಂಟ್ 2005ರಲ್ಲಿ ಐಸಿಯು ವೈದ್ಯರಿಗೆ 'ಫಾಸ್ಟ್ ಹಗ್' ಎಂಬ ನೆನಪಿನ ಸೂತ್ರ ಕೊಟ್ಟರು. ಅರ್ಥ, ಬೇಗ ಒಂದು ಅಪ್ಪುಗೆ. ಆಹಾರ, ನೋವು, ನಿದ್ರೆ ಮದ್ದು, ರಕ್ತ ಹೆಪ್ಪುಗಟ್ಟದಂತೆ ತಡೆ, ತಲೆ ಎತ್ತರಿಸುವುದು, ಹೊಟ್ಟೆ ಹುಣ್ಣಿನ ತಡೆ, ಶುಗರ್. ಈ ಏಳನ್ನೂ ಪ್ರತಿ ರೋಗಿಗೂ ದಿನವೂ ನೋಡಿ ಎಂಬುದು ಸೂತ್ರ. ಕೆನಡಾದ ಫಾರ್ಮಸಿಸ್ಟರು 2011ರಲ್ಲಿ ಇದನ್ನು ಬೆಳೆಸಿ ತಮ್ಮ ಕೆಲಸದ ಪಟ್ಟಿ ಮಾಡಿಕೊಂಡರು. ರೋಗಿ ಮನೆಯಲ್ಲಿ ಏನು ತೆಗೆದುಕೊಳ್ಳುತ್ತಿದ್ದರು, ಈ ಔಷಧ ಯಾವ ಕಾರಣಕ್ಕೆ, ಡೋಸ್ ಸರಿಯೇ, ಲವಣಾಂಶ ಹೇಗಿದೆ, ಯಾವುದನ್ನು ಯಾವಾಗ ನಿಲ್ಲಿಸಬೇಕು ಎಂಬುವೂ ಅದರಲ್ಲಿ ಸೇರಿದವು.

ಒಂದು ಅಕ್ಷರ, ಒಂದು ಸೊನ್ನೆ

28. ಇನ್ಸುಲಿನ್ '10 ಯೂನಿಟ್' ಎಂಬುದನ್ನು ಇಂಗ್ಲಿಷಿನಲ್ಲಿ ಚುಟುಕಾಗಿ 10ರ ಪಕ್ಕ 'ಯು' ಅಕ್ಷರ ಹಾಕಿ ಬರೆದರೆ, ಅವಸರದ ಕೈಬರಹದಲ್ಲಿ ಅದು 100 ಎಂದು ಕಾಣಬಹುದು. ಹಾಗೆ ಬರೆಯಲೇಬಾರದು, ಯೂನಿಟ್ ಎಂದು ಪೂರ್ತಿ ಬರೆಯಿರಿ ಎಂಬ ನಿಯಮ ಹುಟ್ಟಿದ್ದು ಇದರಿಂದ.

29. '1.0 ಮಿ.ಗ್ರಾಂ.' ಬರೆದರೆ ಚುಕ್ಕೆ ಮಾಸಿ 10 ಆಗುತ್ತದೆ. ಬರೀ '.5' ಬರೆದರೆ 5 ಆಗುತ್ತದೆ. ಕೊನೆಗೆ ಸೊನ್ನೆ ಬೇಡ, ಮೊದಲಿಗೆ ಸೊನ್ನೆ ಬೇಕು. ಒಂದು ಚುಕ್ಕೆಯ ಬೆಲೆ ಹತ್ತು ಪಟ್ಟು.

30. ಪೊಟ್ಯಾಶಿಯಂ ಕ್ಲೋರೈಡಿನ ಪುಟ್ಟ ಆಂಪೂಲ್ ನೋಡಲು ಡಿಸ್ಟಿಲ್ಡ್ ವಾಟರಿನಂತೆಯೇ. ನೀರು ಬೆರೆಸದೆ ನೇರ ರಕ್ತನಾಳಕ್ಕೆ ಹೋದರೆ ಹೃದಯ ನಿಂತುಬಿಡುತ್ತದೆ. ಅಮೆರಿಕದ ಆಸ್ಪತ್ರೆಗಳ ಮಾನ್ಯತಾ ಸಂಸ್ಥೆ 1998ರಲ್ಲಿ ಹೊರಡಿಸಿದ ತನ್ನ ಮೊಟ್ಟಮೊದಲ ಎಚ್ಚರಿಕೆ ಪತ್ರ ಇದರ ಬಗ್ಗೆಯೇ. ಈ ಆಂಪೂಲ್‌ಗಳನ್ನು ಬೇರೆಯೇ ಇಟ್ಟು ಬೀಗ, ಲೇಬಲ್, ಲೆಕ್ಕ ಮೂರನ್ನೂ ನೋಡಿಕೊಳ್ಳುವುದು ಫಾರ್ಮಸಿಯ ಕರ್ತವ್ಯ.

31. 2007ರಲ್ಲಿ ಹಾಲಿವುಡ್ ನಟ ಡೆನಿಸ್ ಕ್ವೇಡ್ ಅವರ ಅವಳಿ ಹಸುಗೂಸುಗಳಿಗೆ 10 ಯೂನಿಟ್ ಬಲದ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಬದಲು 10,000 ಯೂನಿಟ್ ಬಲದ್ದು ಹೋಯಿತು. ಸಾವಿರ ಪಟ್ಟು! ಮಕ್ಕಳು ಬದುಕಿದರು. ತಂದೆ ರೋಗಿ ಸುರಕ್ಷತೆಯ ಪ್ರಚಾರಕರಾದರು. ಎರಡೂ ಬಲದ ವಯಲ್‌ಗಳ ಲೇಬಲ್ ನೋಡಲು ಒಂದೇ ಬಗೆ ಇದ್ದದ್ದು ಆಗ ದೊಡ್ಡ ಚರ್ಚೆಯಾಯಿತು.

32. ಡೋಪಮಿನ್, ಡೋಬುಟಮಿನ್. ಕಿವಿಗೆ ಹತ್ತಿರ, ಕೆಲಸ ಬೇರೆ ಬೇರೆ. ಇಂತಹ ಜೋಡಿಗಳ ಹೆಸರಿನಲ್ಲಿ ಬೇರೆಯಾಗುವ ಅಕ್ಷರಗಳನ್ನಷ್ಟೇ ದಪ್ಪಗೆ, ದೊಡ್ಡದಾಗಿ ಅಚ್ಚು ಹಾಕುವ ಪದ್ಧತಿ ಇದೆ.

33. ಅಡ್ರಿನಲಿನ್ '1:1000' ಎಂದರೆ 1 ಮಿ.ಲೀ.ನಲ್ಲಿ 1 ಮಿ.ಗ್ರಾಂ. '1:10,000' ಎಂದರೆ 0.1 ಮಿ.ಗ್ರಾಂ. ದೊಡ್ಡ ಅಂಕಿ ಇರುವುದೇ ಸಪ್ಪೆ! ಗಡಿಬಿಡಿಯಲ್ಲಿ ಇದು ತಪ್ಪುತ್ತದೆಂದೇ ಅಮೆರಿಕ 2016ರಲ್ಲಿ ಲೇಬಲ್ಲಿನಿಂದ ಈ ಅನುಪಾತವನ್ನು ಕೈಬಿಟ್ಟಿತು.

ನಮ್ಮ ನಾಡಿನಲ್ಲಿ

34. ಭಾರತದಲ್ಲಿ ಕ್ಲಿನಿಕಲ್ ಫಾರ್ಮಸಿ ಬೇರೂರಿದ ಮೊದಲ ನೆಲೆಗಳಲ್ಲಿ ನಮ್ಮ ಮೈಸೂರು ಒಂದು. 1990ರ ದಶಕದ ಉತ್ತರಾರ್ಧದಲ್ಲಿ ಜೆಎಸ್‌ಎಸ್ ಫಾರ್ಮಸಿ ಕಾಲೇಜು ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ಜೆಎಸ್‌ಎಸ್ ಆಸ್ಪತ್ರೆಯ ವಾರ್ಡುಗಳಲ್ಲೇ ತರಬೇತಿಗೊಳಿಸತೊಡಗಿತು. ಅಲ್ಲಿನ ಜಿ. ಪಾರ್ಥಸಾರಥಿ ಮುಂತಾದವರು ಸಂಪಾದಿಸಿದ ಪಠ್ಯಪುಸ್ತಕ ದೇಶದ ಫಾರ್ಮಸಿ ವಿದ್ಯಾರ್ಥಿಗಳ ಕೈಪಿಡಿಯಾಯಿತು.

35. ಹೆಸರಿನ ಮುಂದೆ 'ಫಾರ್ಮ್ ಡಿ' ಕಂಡರೆ ಅದು ಆರು ವರ್ಷದ ಓದು. 2008ರಲ್ಲಿ ಭಾರತೀಯ ಫಾರ್ಮಸಿ ಪರಿಷತ್ತು ತಂದ ಈ ಕೋರ್ಸಿನಲ್ಲಿ ಐದು ವರ್ಷ ಪಾಠ, ಒಂದು ವರ್ಷ ಆಸ್ಪತ್ರೆಯಲ್ಲೇ ಇಂಟರ್ನ್‌ಶಿಪ್.

36. ನಮ್ಮಲ್ಲಿ ಕ್ಲಿನಿಕಲ್ ಫಾರ್ಮಸಿಸ್ಟ್ ಔಷಧ ಬರೆದುಕೊಡುವುದಿಲ್ಲ, ಸಲಹೆ ಕೊಡುತ್ತಾರೆ. ತೀರ್ಮಾನ ಡಾಕ್ಟರದೇ. ಬ್ರಿಟನ್ನಿನಲ್ಲಿ ವಿಶೇಷ ತರಬೇತಿ ಪಡೆದ ಫಾರ್ಮಸಿಸ್ಟರಿಗೆ 2006ರಿಂದ ಸ್ವತಂತ್ರವಾಗಿ ಔಷಧ ಬರೆಯುವ ಹಕ್ಕೂ ಇದೆ.

37. ಅದೇ ಬ್ರಿಟನ್ನಿನ 21 ಐಸಿಯುಗಳಲ್ಲಿ 20 ಸಾವಿರಕ್ಕೂ ಹೆಚ್ಚು ಔಷಧ ಆದೇಶಗಳನ್ನು ಪರಿಶೀಲಿಸಿದಾಗ, ಸುಮಾರು ಆರಕ್ಕೊಂದರಲ್ಲಿ ಫಾರ್ಮಸಿಸ್ಟ್ ಕೈಹಾಕಿ ತಿದ್ದಬೇಕಾಯಿತು ಅಥವಾ ಉತ್ತಮಪಡಿಸಬೇಕಾಯಿತು ಎಂದು 2015ರಲ್ಲಿ ವರದಿಯಾಯಿತು. ಅಲ್ಲಿನ ಮಾನದಂಡದ ಪ್ರಕಾರ ಅತಿ ಗಂಭೀರ ರೋಗಿಗಳ ಹತ್ತು ಹಾಸಿಗೆಗೆ ಒಬ್ಬ ಫಾರ್ಮಸಿಸ್ಟ್ ಇರಬೇಕು.

38. ನಮ್ಮ ಜಿಲ್ಲೆಗಳ ಐಸಿಯುಗಳಿಗೆ ಕೀಟನಾಶಕ ಕುಡಿದವರನ್ನು ಕರೆತರುವುದು ಹೊಸದಲ್ಲ. ಆರ್ಗನೋಫಾಸ್ಫರಸ್ ವಿಷಕ್ಕೆ ಪ್ರತಿಮದ್ದು ಅಟ್ರೋಪಿನ್. ಇಲ್ಲಿ ಸಿಗುವ ಆಂಪೂಲ್‌ನಲ್ಲಿರುವುದು 0.6 ಮಿ.ಗ್ರಾಂ. ಮೊದಲು ಮೂರು ಆಂಪೂಲ್. ಎದೆಯ ಗೊರಗೊರ ನಿಲ್ಲದಿದ್ದರೆ ಐದೈದು ನಿಮಿಷಕ್ಕೆ ದುಪ್ಪಟ್ಟು. 3, 6, 12, 24. ಹದಿನೈದು ನಿಮಿಷ ತುಂಬುವಷ್ಟರಲ್ಲಿ 45 ಆಂಪೂಲ್! ನಡುರಾತ್ರಿ ಒಂದೊಂದನ್ನೇ ಒಡೆಯುತ್ತಿರುವ ನರ್ಸ್ ಪಕ್ಕದಲ್ಲಿ ದಾಸ್ತಾನು ಮುಗಿದುಹೋಗದಂತೆ ನೋಡಿಕೊಳ್ಳುವವರೊಬ್ಬರು ಬೇಕು.

39. ಔಷಧದಿಂದ ತೊಂದರೆಯಾದರೆ ರೋಗಿಗಳೂ ದೂರು ದಾಖಲಿಸಬಹುದು. 2010ರಲ್ಲಿ ಶುರುವಾದ ಭಾರತದ ಔಷಧ ಜಾಗೃತಿ ಕಾರ್ಯಕ್ರಮದ ಕೇಂದ್ರ ಗಾಜಿಯಾಬಾದಿನ ಇಂಡಿಯನ್ ಫಾರ್ಮಕೊಪಿಯಾ ಕಮಿಷನ್‌ನಲ್ಲಿದೆ. ಉಚಿತ ಸಹಾಯವಾಣಿ 1800-180-3024.

40. 14 ಅಧ್ಯಯನಗಳನ್ನು ಒಟ್ಟುಗೂಡಿಸಿದ 2019ರ ವಿಶ್ಲೇಷಣೆಯೊಂದು, ಐಸಿಯು ತಂಡದಲ್ಲಿ ಫಾರ್ಮಸಿಸ್ಟ್ ಇದ್ದಲ್ಲಿ ಸಾವು ಕಡಿಮೆ, ಐಸಿಯು ವಾಸ ಕಡಿಮೆ, ತಡೆಯಬಹುದಾದ ಔಷಧ ಅವಘಡ ಕಡಿಮೆ ಎಂಬ ತೀರ್ಮಾನಕ್ಕೆ ಬಂತು. ಐಸಿಯುನಲ್ಲಿ ಒಂದು ದಿನ ಕಡಿಮೆಯಾದರೆ ಮನೆಯವರಿಗೆ ಎಷ್ಟು ಸಾಲ ಕಡಿಮೆ ಎಂದು ಅನುಭವಿಸಿದವರಿಗೆ ಗೊತ್ತು.

ನೀವು ಮಾಡಬಹುದಾದದ್ದು

41. ನಮ್ಮವರನ್ನು ಆಸ್ಪತ್ರೆಗೆ ಒಯ್ಯುವಾಗ ಮನೆಯಲ್ಲಿರುವ ಅವರ ಅಷ್ಟೂ ಮಾತ್ರೆಗಳನ್ನು ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. 'ಬಿಪಿಗೆ ಒಂದು ಬಿಳಿ ಗುಳಿಗೆ' ಎಂದು ಹೇಳುವುದಕ್ಕಿಂತ ಸ್ಟ್ರಿಪ್ ತೋರಿಸುವುದು ಮೇಲು. ಕಷಾಯ, ಲೇಹ್ಯ, ನಾಟಿ ಮದ್ದು ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಮುಚ್ಚಿಡಬೇಡಿ. 19ನೇ ಸಂಗತಿಯ ಆ ರೋಗಿ ಉಳಿದದ್ದು, ವಾಲ್‌ಪ್ರೊಯೇಟ್ ಹೆಸರು ಚಾರ್ಟಿನಲ್ಲಿ ಇದ್ದದ್ದರಿಂದ.

42. ಹಿಂದೆ ಯಾವುದಾದರೂ ಇಂಜೆಕ್ಷನ್ನಿಗೆ ಮೈ ದದ್ದು ಎದ್ದಿತ್ತೇ, ಉಸಿರು ಕಟ್ಟಿತ್ತೇ? ಅದರ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಆಧಾರ್ ಕಾರ್ಡಿನ ಜೊತೆಗೇ ಇಡಿ.

43. ಐಸಿಯುನಲ್ಲಿ ಹೊಟ್ಟೆ ಹುಣ್ಣಾಗದಿರಲೆಂದು ಶುರುವಾದ ಆಸಿಡಿಟಿ ಮಾತ್ರೆ, ಕಾರಣ ಮುಗಿದ ಮೇಲೂ ಮನೆಯಲ್ಲಿ ತಿಂಗಳುಗಟ್ಟಲೆ ಮುಂದುವರಿಯುವುದುಂಟು. ಡಿಸ್ಚಾರ್ಜ್ ದಿನ ಪ್ರತಿ ಮಾತ್ರೆಯ ಬಗ್ಗೆ ಎರಡೇ ಪ್ರಶ್ನೆ ಕೇಳಿ: ಇದು ಯಾತಕ್ಕೆ? ಎಲ್ಲಿಯವರೆಗೆ?

44. ಸೆಪ್ಟೆಂಬರ್ 25 ವಿಶ್ವ ಫಾರ್ಮಸಿಸ್ಟರ ದಿನ. 1912ರಲ್ಲಿ ಅದೇ ದಿನ ನೆದರ್‌ಲ್ಯಾಂಡ್ಸ್‌ನ ಹೇಗ್ ನಗರದಲ್ಲಿ ಅಂತರರಾಷ್ಟ್ರೀಯ ಫಾರ್ಮಸಿ ಒಕ್ಕೂಟ ಸ್ಥಾಪನೆಯಾಯಿತು.

ಕೊನೆಯದಾಗಿ ಒಂದು ಮಾತು. ಈ ವಿದ್ಯೆಯನ್ನು ದೇಶಕ್ಕೆ ಕಲಿಸಿದ ನೆಲೆಗಳಲ್ಲಿ ಒಂದು ನಮ್ಮ ರಾಜ್ಯದಲ್ಲೇ ಇದೆ. ಇಲ್ಲಿನ ಕಾಲೇಜುಗಳಿಂದ ವರ್ಷವರ್ಷವೂ ಫಾರ್ಮ್ ಡಿ ಓದಿದ ಹುಡುಗ ಹುಡುಗಿಯರು ಹೊರಬರುತ್ತಿದ್ದಾರೆ. ಜಿಲ್ಲಾ ಆಸ್ಪತ್ರೆ ಇರಲಿ, ಖಾಸಗಿ ಆಸ್ಪತ್ರೆ ಇರಲಿ, ಪ್ರತಿ ಐಸಿಯುನ ಬೆಳಗಿನ ರೌಂಡ್ಸ್‌ನಲ್ಲಿ ಅವರಿಗೊಂದು ಜಾಗ ಸಿಗಬೇಕು, ಅದಕ್ಕೆ ತಕ್ಕ ಹುದ್ದೆ ಮತ್ತು ಸಂಬಳ ಸಿಗಬೇಕು. ಮುಂದಿನ ಸಲ ಆಸ್ಪತ್ರೆಯಲ್ಲಿ ನಿಮ್ಮವರ ಬಗ್ಗೆ ವಿಚಾರಿಸುವಾಗ, 'ನಿಮ್ಮ ಐಸಿಯುನಲ್ಲಿ ಕ್ಲಿನಿಕಲ್ ಫಾರ್ಮಸಿಸ್ಟ್ ಇದ್ದಾರಾ?' ಎಂದು ವಿನಯದಿಂದ ಕೇಳಿ ನೋಡಿ. ಕೇಳುವವರು ಹೆಚ್ಚಾದರೆ ನೇಮಿಸುವವರೂ ಹೆಚ್ಚುತ್ತಾರೆ.